ಉಬ್ಬಸಕ್ಕೆ ಬೇಕಿರುವುದು ಶಕ್ತಿಯಲ್ಲ, ಸಂಯಮ

ಕೊರೊನಾ ಕಾಲದಿಂದೀಚೆಗೆ ನಮ್ಮ ಅಡುಗೆಮನೆ, ಔಷಧದಂಗಡಿ, ವಾಟ್ಸಾಪ್ ಮೂರರಲ್ಲೂ ಬೇರೂರಿದ ಮಾತೊಂದಿದೆ: ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ. ಕನ್ನಡದಲ್ಲಿ ಅದನ್ನು ‘ರೋಗನಿರೋಧಕ ಶಕ್ತಿ’ ಎನ್ನುತ್ತೇವೆ. ಶಕ್ತಿ ಎಂದಮೇಲೆ ಹೆಚ್ಚಿದಷ್ಟೂ ಒಳ್ಳೆಯದು ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿಬಿಡುತ್ತದೆ. ಉಬ್ಬಸದ ಮಗುವಿರುವ ಮನೆಯಲ್ಲಿ ಇದು ತಲೆಕೆಳಗಾದ ಲೆಕ್ಕ, ಅಪಾಯಕಾರಿಯೂ ಹೌದು ಎಂಬುದು ನನ್ನ ವಾದ.

ಅಲರ್ಜಿಯಿಂದ ಬರುವ ಆಸ್ತಮಾದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಸೋತು ಕೂತಿರುವುದಿಲ್ಲ. ಶತ್ರುವಲ್ಲದವರ ಮೇಲೆ ಯುದ್ಧ ಸಾರಿರುತ್ತದೆ. ಹಾಸಿಗೆಯ ಧೂಳಿನಲ್ಲಿರುವ ಮೈಟ್ ಎಂಬ ಸೂಕ್ಷ್ಮಜೀವಿ, ಜಿರಲೆಯ ಹಿಕ್ಕೆ, ಮುಂಬೈ ಮಳೆಗಾಲದ ಗೋಡೆಯ ಬೂಷ್ಟು, 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ಈಗ ದೇಶದ ಖಾಲಿ ಸೈಟುಗಳನ್ನೆಲ್ಲ ಆಕ್ರಮಿಸಿರುವ ಪಾರ್ಥೇನಿಯಂನ ಪರಾಗ – ಇವು ಯಾವುವೂ ಸೋಂಕು ತರುವ ವೈರಿಗಳಲ್ಲ. ಆದರೂ ಕೆಲವರ ದೇಹ ಇವುಗಳ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಚ್ ಬೇರೆಬೇರೆಯಾಗಿ ಪತ್ತೆಹಚ್ಚಿದ ಪ್ರತಿಕಾಯ ಇದು.

ಐಜಿಇ ಹೋಗಿ ಮಾಸ್ಟ್ ಕಣಗಳ ಮೈಮೇಲೆ ಕಾದು ಕೂರುತ್ತದೆ. ಅದೇ ಧೂಳು ಮತ್ತೆ ಒಳಬಂದರೆ ಆ ಕಣಗಳು ಹಿಸ್ಟಮಿನ್, ಲ್ಯೂಕೋಟ್ರಯೀನ್‌ಗಳನ್ನು ಚೆಲ್ಲುತ್ತವೆ. ನಿಮಿಷಗಳಲ್ಲಿ ಶ್ವಾಸನಾಳದ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ. ಕೆಲವು ಗಂಟೆಗಳ ನಂತರ ಇಯೋಸಿನೋಫಿಲ್ ಕಣಗಳ ದಂಡು ಬಂದು ಒಳಪದರವನ್ನು ಊದಿಸುತ್ತದೆ. ಉಸಿರಾಟ ಸರಾಗವಾದ ಮೇಲೂ ಈ ಉರಿಯೂತ ಒಳಗೊಳಗೇ ಮುಂದುವರಿಯಬಹುದು.

ನಮ್ಮ ತಪ್ಪು ಲೆಕ್ಕದ ಬೆಲೆ ತೆರಬೇಕಾಗುವುದು ಇಲ್ಲಿ. ನೀಲಿ ಇನ್‌ಹೇಲರಿನ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ಸ್ಟೀರಾಯ್ಡ್ ಇರುವ ಇನ್‌ಹೇಲರ್. ಮನೆಯವರು ಹೆದರಿ ನಿಲ್ಲಿಸುವುದು ಮಾತ್ರ ಎರಡನೆಯದನ್ನೇ: ‘ಅಭ್ಯಾಸವಾಗಿಬಿಡುತ್ತದೆ’, ‘ಇಮ್ಯೂನಿಟಿ ಕುಗ್ಗುತ್ತದೆ’. ಬರೀ ನೀಲಿಯನ್ನೇ ನೆಚ್ಚಿದವರ ಕಾಯಿಲೆ ಮರೆಯಲ್ಲಿ ಬೆಳೆದು ಒಂದು ರಾತ್ರಿ ಪ್ರಾಣಕ್ಕೇ ಬರಬಹುದು. ಅದಕ್ಕೇ 2019ರಲ್ಲಿ ‘ಗೀನಾ’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ, ಹದಿಹರೆಯದವರಿಗೂ ವಯಸ್ಕರಿಗೂ ಇಂಥ ಔಷಧ ಒಂದರಿಂದಲೇ ಚಿಕಿತ್ಸೆ ಬೇಡ ಎಂದಿತು.

ಸ್ಟೀರಾಯ್ಡಿಗೆ ಅಡ್ಡಪರಿಣಾಮವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಮಾತ್ರೆಯ ಪ್ರಮಾಣ ಮಿಲಿಗ್ರಾಂನಲ್ಲಿದ್ದರೆ ಇನ್‌ಹೇಲರಿನದು ಮೈಕ್ರೋಗ್ರಾಂನಲ್ಲಿ, ಅದೂ ನೇರ ಶ್ವಾಸನಾಳಕ್ಕೆ. ಬಳಸಿದ ಮೇಲೆ ಬಾಯಿ ಮುಕ್ಕಳಿಸುವುದು, ವೈದ್ಯರು ಕಾಲಕಾಲಕ್ಕೆ ಪ್ರಮಾಣ ಇಳಿಸುವುದು ಎಲ್ಲವೂ ಚಿಕಿತ್ಸೆಯ ಭಾಗವೇ.

‘ಹಾಗಾದರೆ ಕಷಾಯ ಕುಡಿದು ಹುಷಾರಾದವರಿಲ್ಲವೇ?’ ಎಂದು ಕೇಳಬಹುದು. ಹೈದರಾಬಾದಿನಲ್ಲಿ ಪ್ರತಿ ಜೂನ್‌ನಲ್ಲಿ ಜೀವಂತ ಮೀನಿನ ಮದ್ದು ನುಂಗಲು ಸಾವಿರಾರು ಜನ ಸಾಲುಗಟ್ಟುವುದರ ಹಿಂದೆಯೂ ಇದೇ ನಂಬಿಕೆಯಿದೆ. ಅವರ ಹತಾಶೆಯನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಆಸ್ತಮಾ ಋತುವಿಗೆ ತಕ್ಕಂತೆ ಏರಿಳಿಯುವ ಕಾಯಿಲೆ. ಇಳಿಯುವ ಹೊತ್ತಿಗೆ ಏನು ನುಂಗಿದ್ದೆವೋ ಅದಕ್ಕೇ ಕೀರ್ತಿ ಸಲ್ಲುತ್ತದೆ.

ಲಸಿಕೆಯ ಮಾತು ಬೇರೆ. ಅದು ನಿರ್ದಿಷ್ಟ ವೈರಿಯನ್ನು ಗುರುತಿಸಲು ಕಲಿಸುತ್ತದೆ. ಫ್ಲೂ ಲಸಿಕೆ ಆಸ್ತಮಾ ಇರುವವರಿಗೂ ಬೇಕು. ದೇಹಕ್ಕೆ ಬೇಕಿರುವುದು ಈ ವಿವೇಚನೆಯೇ ಹೊರತು ಇನ್ನಷ್ಟು ಆವೇಶವಲ್ಲ.

ಆದ್ದರಿಂದ ‘ಶಕ್ತಿ’ ಎಂಬ ಪದವನ್ನು ಬಿಟ್ಟು ‘ರಕ್ಷಣಾ ವ್ಯವಸ್ಥೆ’ ಎನ್ನೋಣ. ವ್ಯವಸ್ಥೆ ಎಂದಾಗ ಅದು ಹದ ತಪ್ಪಬಹುದು ಎಂಬುದೂ ಹೊಳೆಯುತ್ತದೆ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಒಂದೇ ಪ್ರಶ್ನೆ ಕೇಳಿ: ನನ್ನ ಔಷಧಗಳಲ್ಲಿ ಬಿಗಿತ ಸಡಿಲಿಸುವುದು ಯಾವುದು, ಊತ ಇಳಿಸುವುದು ಯಾವುದು? ಎರಡನೆಯದಕ್ಕೆ ಉತ್ತರ ಸಿಗದಿದ್ದರೆ, ಕೇಳುವುದನ್ನು ಅಲ್ಲಿಗೇ ನಿಲ್ಲಿಸಬೇಡಿ.