‘ಯಾರಿಗೂ ಹೇಳಬೇಡಿ’ ಎನ್ನುವವರಿಗೆ

ಎಂಟು ವರ್ಷಗಳ ಹಿಂದೆ ನನ್ನ ಮಗನಿಗೆ ಅಪಸ್ಮಾರವಿದೆಯೆಂದು ಗೊತ್ತಾದ ವಾರದಲ್ಲಿ, ಧರಮಪೇಠದ ನಮ್ಮ ಮನೆಗೆ ಬಂದುಹೋದ ಹಿತೈಷಿಗಳು ಬಗೆಬಗೆಯ ಸಲಹೆಗಳನ್ನು ಕೊಟ್ಟರು. ಒಬ್ಬರು ಮನೆದೇವರಿಗೆ ಹರಕೆ ಹೊತ್ತುಕೊಳ್ಳಿ ಎಂದರು. ಇನ್ನೊಬ್ಬರು ನಾಟಿ ಔಷಧಿಯ ಊರನ್ನು ಹೇಳಿದರು. ಮತ್ತೊಬ್ಬರು ಹೆಸರಾಂತ ನರರೋಗ ತಜ್ಞರ ವಿಳಾಸವನ್ನು ಬರೆದುಕೊಟ್ಟರು. ಒಬ್ಬರ ಸಲಹೆ ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. ಆದರೆ ಹೊರಡುವಾಗ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ದನಿ ತಗ್ಗಿಸಿ ಹೇಳಿದ ಕೊನೆಯ ಮಾತು ಮಾತ್ರ ಎಲ್ಲರದೂ ಒಂದೇ ಆಗಿತ್ತು: “ಯಾರಿಗೂ ಹೇಳಬೇಡಿ.”

ಆ ಮಾತನ್ನು ನಾವು ಎರಡು ವರ್ಷ ಶಿರಸಾ ಪಾಲಿಸಿದೆವು. ಈ ಲೇಖನ ಆ ಮಾತಿನ ವಿರುದ್ಧವಾದದ್ದು. ಹೇಳಿದವರು ಕೆಟ್ಟವರಲ್ಲ, ಓದಿದವರು, ನಮ್ಮ ಕಷ್ಟಕ್ಕೆ ಆದವರು, ಅವರಲ್ಲಿ ಕೆಲವರು ಈ ಬಳಗದ ಲೇಖನಗಳನ್ನು ಓದುವವರು. ಆದರೂ ಹೇಳಲೇಬೇಕಾಗಿದೆ: ನನ್ನ ಮಗುವಿಗೆ ರೋಗದಿಂದ ಆದ ಕೇಡಿಗಿಂತ ಈ ಬುದ್ಧಿವಾದದಿಂದ ಆದ ಕೇಡು ಹೆಚ್ಚು. ಅದನ್ನು ನಂಬಿ ನಡೆದ ನಾನೇ ಇಲ್ಲಿ ಮೊದಲ ಆರೋಪಿ.

ಮಗನಿಗೆ ಆಗ ಆರು ವರ್ಷ. ನಾಗಪುರದ ಬೇಸಿಗೆಯನ್ನು ಎಲ್ಲರೂ ಬಲ್ಲರು. ಅದರ ಚಳಿಗಾಲವನ್ನು ಇಲ್ಲಿ ಬಾಳಿದವರೇ ಬಲ್ಲರು. ನಂಜನಗೂಡಿನಿಂದ ಬಂದಿದ್ದ ನನ್ನ ತಾಯಿ ಡಿಸೆಂಬರಿನ ಭಾನುವಾರಗಳಲ್ಲಿ, ಊರಿನ ಪದ್ಧತಿಯಂತೆ ಮೊಮ್ಮಗನ ಮೈಗೆ ಎಣ್ಣೆ ಹಚ್ಚಿ, ಬಕೆಟ್ಟಿನ ತುಂಬ ಹಬೆಯಾಡುವ ನೀರು ಹಿಡಿದು, ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹೊಯ್ಯುತ್ತಿದ್ದರು. ಅಂಥ ಒಂದು ಸ್ನಾನದ ನಡುವೆ ಮಗು ಕಣ್ಣುಗುಡ್ಡೆಯನ್ನು ಮೇಲಕ್ಕೆ ತಿರುಗಿಸಿ ಬಚ್ಚಲಲ್ಲೇ ಸೆಟೆದುಕೊಂಡು ಬಿದ್ದ. ಮರುದಿನ ವೈದ್ಯರ ಬಳಿಗೆ ಹೋದೆವು. ಅವರು ಹಿಂದಿಯಲ್ಲೂ ಮರಾಠಿಯಲ್ಲೂ ತಾಳ್ಮೆಯಿಂದ ಪ್ರಶ್ನೆಗಳನ್ನು ಕೇಳಿದರು. ನಡೆದುದನ್ನು ಕಣ್ಣಾರೆ ಕಂಡವರು ನನ್ನ ತಾಯಿ ಒಬ್ಬರೇ. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. “ನೀರು ಹುಯ್ದಾಗ್ಲೇ ಆಗೋದು ಕಣಪ್ಪ. ಹೋದ್ ವಾರನೂ ಹಂಗೇ ಒಂಥರಾ ಮಂಕಾಗಿದ್ದ. ಅವ್ರಿಗೆ ಹೇಳು” ಎಂದು ಅವರು ಎರಡು ಸಲ ಹೇಳಿದರು. ನಾನು ಅದನ್ನು ಅನುವಾದಿಸಲಿಲ್ಲ. ತಜ್ಞರ ಮುಂದೆ ಬಚ್ಚಲಮನೆಯ ಪುರಾಣ ತೆಗೆದರೆ ನಮ್ಮನ್ನು ಏನೂ ತಿಳಿಯದ ಜನವೆಂದುಕೊಂಡಾರು ಎಂಬ ನಾಚಿಕೆ ನನ್ನ ಬಾಯಿ ಕಟ್ಟಿತು. ಇಂಗ್ಲಿಷ್ ಎಂ.ಎ. ಮಾಡಿದ ಮಗ ಓದುಬರಹ ಬಾರದ ತಾಯಿಯ ಸಾಕ್ಷ್ಯವನ್ನು ನುಂಗಿಹಾಕಿದ.

ಆ ಸಾಕ್ಷ್ಯದ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ. ಅಲ್ಲಿನ ನರರೋಗ ತಜ್ಞರೊಬ್ಬರು ನನ್ನ ಕಡೆ ನೋಡದೆ ನೇರವಾಗಿ ನನ್ನ ತಾಯಿಯನ್ನೇ ಕೇಳಿದರು: “ಅಮ್ಮಾ, ತಲೆಗೆ ಬಿಸಿನೀರು ಹಾಕುವಾಗ ಆಗುತ್ತಾ?” ಈ ಬಗೆಗೆ ಬಿಸಿನೀರಿನ ಅಪಸ್ಮಾರವೆಂದೇ ಹೆಸರು. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂದರೂ, ಜಗತ್ತಿನಲ್ಲಿ ಇದು ಅತಿ ಹೆಚ್ಚು ಕಂಡುಬಂದಿರುವುದು ನಮ್ಮ ದಕ್ಷಿಣ ಕರ್ನಾಟಕದಲ್ಲಿ. ಬೆಂಗಳೂರಿನ ಡಾ. ಕೆ.ಎಸ್. ಮಣಿ 1960ರ ದಶಕದಿಂದಲೇ ಇದರ ಬಗ್ಗೆ ಬರೆದರು, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ನಲವತ್ತರಿಂದ ಐವತ್ತು ಡಿಗ್ರಿಯ ನೀರನ್ನು ಬಿಡುವಿಲ್ಲದೆ ತಲೆಯ ಮೇಲೆ ಸುರಿದಾಗ, ಅದಕ್ಕೆ ಒಳಗಾಗುವ ಸ್ವಭಾವವುಳ್ಳ ಮಿದುಳಿನಲ್ಲಿ ಸೆಳವು ಹುಟ್ಟುತ್ತದೆ. ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಹೆಚ್ಚು. ಅನೇಕರಿಗೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ, ತಲೆಗೆ ಸುರಿಯುವುದನ್ನು ಬಿಟ್ಟರೆ ಸಾಕಾಗುತ್ತದೆ. ಕೆಲವರಿಗೆ ಸ್ನಾನಕ್ಕೆ ಮುಂಚೆ ಒಂದು ಗುಳಿಗೆಯನ್ನು ವೈದ್ಯರು ಬರೆದುಕೊಡುತ್ತಾರೆ. ಇನ್ನು ಕೆಲವರಿಗೆ, ನನ್ನ ಮಗನಂತೆ, ನೀರಿನ ಸಂಬಂಧವಿಲ್ಲದೆಯೂ ಸೆಳವು ಬರತೊಡಗಿ ದಿನನಿತ್ಯದ ಔಷಧಿ ಬೇಕಾಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಅಪಸ್ಮಾರದ ವೈದ್ಯರು ಸಾಮಾನ್ಯವಾಗಿ ಸೆಳವನ್ನು ನೋಡಿರುವುದಿಲ್ಲ. ರೋಗಿ ಅವರ ಎದುರು ಕೂರುವ ಹೊತ್ತಿಗೆ ಅದು ಮುಗಿದಿರುತ್ತದೆ. ಸೆಳವಿಲ್ಲದ ವೇಳೆಯಲ್ಲಿ ತೆಗೆದ ಇ.ಇ.ಜಿ. ಸರಿಯಾಗಿಯೇ ಇರಬಹುದು. ಆದ್ದರಿಂದ ಪಕ್ಕದಲ್ಲಿದ್ದು ಕಂಡವರ ಮಾತೇ ಅವರಿಗೆ ದೊಡ್ಡ ಆಧಾರ. ಹೊರನಾಡಿನಲ್ಲಿರುವ ನಮ್ಮ ಮನೆಗಳಲ್ಲಿ ಮಗುವಿನ ಜೊತೆ ಹಗಲೆಲ್ಲ ಇರುವ ಅಜ್ಜಿಗೆ ಆಸ್ಪತ್ರೆಯ ಭಾಷೆ ಬಾರದು. ಆಸ್ಪತ್ರೆಯ ಭಾಷೆ ಬರುವ ನಾವು ಆಗ ಕಚೇರಿಯಲ್ಲಿರುತ್ತೇವೆ. ಅಜ್ಜಿಯ ಮಾತನ್ನು ನಾವು ಸೋಸಿ, ತಿದ್ದಿ, ಮರ್ಯಾದೆಗೆ ತಕ್ಕಂತೆ ಕತ್ತರಿಸಿ ವೈದ್ಯರಿಗೆ ತಲುಪಿಸಿದರೆ ಚಿಕಿತ್ಸೆಯೂ ಅಷ್ಟೇ ಕತ್ತರಿಸಿಹೋಗುತ್ತದೆ.

ಇಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲ. ಶಾಲೆಯ ಅರ್ಜಿಯಲ್ಲಿ ‘ಆರೋಗ್ಯದ ತೊಂದರೆಗಳೇನಾದರೂ ಇವೆಯೇ’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ನನ್ನ ಕೈಯಾರೆ ಬರೆದೆ. ಹಿತೈಷಿಗಳ ಮಾತು ಕಿವಿಯಲ್ಲಿತ್ತು. ಎರಡನೆಯ ವರ್ಷದ ಒಂದು ಬೆಳಿಗ್ಗೆ ತರಗತಿಯಲ್ಲೇ ಮಗನಿಗೆ ಸೆಳವು ಬಂತು. ಏನಾಗುತ್ತಿದೆಯೆಂದು ಅಲ್ಲಿ ಯಾರಿಗೂ ತಿಳಿಯದು. ಒಬ್ಬರು ಮೂಗಿಗೆ ಈರುಳ್ಳಿ ಹಿಡಿಯಲು ಓಡಿದರು. ನಾಲಿಗೆ ಕಚ್ಚಿಕೊಳ್ಳದಿರಲೆಂದು ಇನ್ನೊಬ್ಬರು ಹಲ್ಲುಗಳ ನಡುವೆ ಚಮಚ ತುರುಕಿದರು. ಮುಂದಿನ ಹಲ್ಲೊಂದು ಮುರಿಯಿತು. ಆ ಶಿಕ್ಷಕಿ ಆಸ್ಪತ್ರೆಯಲ್ಲಿ ಅಳುತ್ತಾ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ನಮಗೇಕೆ ಹೇಳಲಿಲ್ಲ?” ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗುವಿನ ಹಲ್ಲು ಮುರಿದದ್ದು ಅರ್ಜಿಯಲ್ಲಿ ನಾನು ಬರೆದ ಆ ಒಂದು ಪದದಿಂದ.

ಹೇಳಿದ್ದರೆ ಅವರು ಕಲಿಯಬೇಕಾಗಿದ್ದದ್ದು ಎಷ್ಟು ಕಡಿಮೆ! ಮಗುವನ್ನು ಮಗ್ಗುಲಾಗಿ ಮಲಗಿಸಬೇಕು. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಬೇಕು. ಕತ್ತಿನ ಗುಂಡಿ ಸಡಿಲಿಸಬೇಕು. ಕೈಕಾಲನ್ನು ಅದುಮಿ ಹಿಡಿಯಬಾರದು. ಬಾಯಿಗೆ ನೀರು, ಚಮಚ, ಬೆರಳು ಯಾವುದನ್ನೂ ಹಾಕಬಾರದು. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಚಪ್ಪಲಿ ಮೂಸಿಸುವುದು ಇವುಗಳಿಂದ ಏನೂ ಆಗದು. ಗಡಿಯಾರ ನೋಡಬೇಕು. ಬಹುಪಾಲು ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮುನ್ನ ಮತ್ತೆ ಬಂದರೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಬರೆದುಕೊಟ್ಟಿದ್ದರೆ ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಬಳಸಬಹುದು. ಹತ್ತು ವರ್ಷದ ಮಕ್ಕಳೂ ಕಲಿಯಬಲ್ಲ ಪಾಠವಿದು. ಗುಟ್ಟು ಮಾಡುವವರು ಈ ಪಾಠದ ಬಾಗಿಲನ್ನೇ ಮುಚ್ಚುತ್ತಾರೆ.

ಗುಟ್ಟು ಗುಳಿಗೆಯನ್ನೂ ಬಿಡುವುದಿಲ್ಲ. ಅಪಸ್ಮಾರದ ಔಷಧಿಯನ್ನು ದಿನವೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಸೆಳವು ಕಾಣದೆ ಎರಡು ವರ್ಷವಾದರೂ ಕಳೆದ ಮೇಲೆ ವೈದ್ಯರು ಅದನ್ನು ನಿಧಾನವಾಗಿ ಇಳಿಸುವ ಮಾತಾಡುತ್ತಾರೆ. ನಡುವೆ ಥಟ್ಟನೆ ಬಿಟ್ಟರೆ ಅಪಾಯ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತ ನನ್ನ ಮಗ ಯಾರೂ ನೋಡಬಾರದೆಂದು ರಾತ್ರಿಯ ಗುಳಿಗೆಯನ್ನು ಜೇಬಿನಲ್ಲೇ ಉಳಿಸಿಕೊಂಡದ್ದಿದೆ. ಬಚ್ಚಿಡಬೇಕೆಂದು ಅವನಿಗೆ ಕಲಿಸಿದವರು ನಾವೇ. ಔಷಧಿಗಳಿಗೆ ಅವುಗಳದೇ ಕಾಟವಿದೆ. ಲೆವೆಟಿರಸೆಟಮ್ ಕೆಲವು ಮಕ್ಕಳನ್ನು ಸಿಡುಕರನ್ನಾಗಿ ಮಾಡುತ್ತದೆ, ವಾಲ್ಪ್ರೋಯೇಟ್ ತೂಕ ಹೆಚ್ಚಿಸುತ್ತದೆ, ಫಿನಿಟಾಯಿನ್ ವಸಡು ಊದಿಸುತ್ತದೆ, ಫಿನೋಬಾರ್ಬಿಟಾಲ್ ಮಂಪರನ್ನೋ ಚಡಪಡಿಕೆಯನ್ನೋ ತರುತ್ತದೆ. ವಿಷಯ ಗೊತ್ತಿದ್ದರೆ ಶಿಕ್ಷಕರು ಇದನ್ನು ಪೋಷಕರಿಗೆ ತಿಳಿಸುತ್ತಾರೆ, ಪೋಷಕರು ವೈದ್ಯರಿಗೆ ತಿಳಿಸುತ್ತಾರೆ, ಗುಳಿಗೆಯೋ ಪ್ರಮಾಣವೋ ಬದಲಾಗುತ್ತದೆ. ಗೊತ್ತಿಲ್ಲದಿದ್ದರೆ ಮಗು ‘ಹಟಮಾರಿ’ ಆಗುತ್ತದೆ, ‘ದಡ್ಡ’ ಆಗುತ್ತದೆ. ಗುಳಿಗೆಯ ಗುಣ ಮಗುವಿನ ಸ್ವಭಾವವೆಂದು ದಾಖಲಾಗುತ್ತದೆ.

ಇನ್ನು ತಾಯಿ. ಗುಟ್ಟಿಗೆ ಒಬ್ಬ ಕಾವಲುಗಾರರು ಬೇಕಲ್ಲ? ನಮ್ಮಲ್ಲಿ ಅದು ಯಾವಾಗಲೂ ತಾಯಿಯೇ. ಸೆಳವು ಬಂದಾಗ ಏನು ಮಾಡಬೇಕೆಂದು ಅವಳೊಬ್ಬಳಿಗೇ ಗೊತ್ತಿರುವುದರಿಂದ ಅವಳು ಎಲ್ಲಿಗೂ ಹೋಗುವಂತಿಲ್ಲ. ನನ್ನ ಹೆಂಡತಿ ಹನ್ನೊಂದು ವರ್ಷ ಪಾಠ ಹೇಳಿದ್ದ ಕೆಲಸವನ್ನು ಬಿಟ್ಟಳು. ನಾನು ಬಿಡಲಿಲ್ಲ, ಯಾರೂ ನನ್ನನ್ನು ಬಿಡೆಂದು ಕೇಳಲೂ ಇಲ್ಲ. ಕೇಂದ್ರ ಸರ್ಕಾರದ ನೌಕರರಿಗಿರುವ 730 ದಿನಗಳ ಶಿಶುಪಾಲನಾ ರಜೆ ಮಹಿಳೆಯರಿಗೂ ಒಂಟಿ ತಂದೆಯರಿಗೂ ಮಾತ್ರ. ಹೆಂಡತಿಯಿರುವ ತಂದೆಗೆ ಮಗುವಿನ ಪಾಲನೆಯಲ್ಲಿ ಪಾಲಿಲ್ಲವೆಂಬುದು ನಿಯಮದ ನಂಬಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಸ್ಥಿತಿಗಳಲ್ಲಿ ಅಪಸ್ಮಾರದ ಹೆಸರಿಲ್ಲ. ಇವನ್ನು ಬದಲಿಸಿರೆಂದು ಕೇಳುವವರು ಯಾರು? ಮನೆಯಲ್ಲಿ ಇಂಥದೊಂದಿದೆಯೆಂದು ಒಪ್ಪಿಕೊಳ್ಳದವರು ಕೇಳಲಾರರು.

ಹಿತೈಷಿಗಳ ಕಡೆಯ ನ್ಯಾಯವನ್ನೂ ಹೇಳಬೇಕು. “ಹೆಣ್ಣುಮಗಳಾಗಿದ್ದರೆ ತಿಳಿಯುತ್ತಿತ್ತು ನಿಮಗೆ” ಎಂದು ಒಬ್ಬ ತಾಯಿ ನನಗೆ ಹೇಳಿದ್ದಾರೆ. ಅವರ ಭಯ ಸುಳ್ಳಲ್ಲ. 1976ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಕಾಯ್ದೆಯೇ ಮರುಕಳಿಸುವ ಅಪಸ್ಮಾರವನ್ನು ಹುಚ್ಚಿನ ಪಕ್ಕದಲ್ಲಿ ಕೂರಿಸಿ, ಅಂಥವರ ಮದುವೆಯನ್ನು ರದ್ದುಮಾಡಲು ದಾರಿ ಮಾಡಿಕೊಟ್ಟಿತ್ತು. ಆ ಪದ ಕಾಯ್ದೆಯಿಂದ ಹೊರಬಿದ್ದದ್ದು 1999ರ ಡಿಸೆಂಬರಿನಲ್ಲಿ. ಕಾನೂನು ಕಣ್ಣು ತೆರೆದರೂ ನಮ್ಮ ಜಾತಕದ ಚೀಲ ತೆರೆದಿಲ್ಲ. ಆದರೆ ಬಚ್ಚಿಟ್ಟು ಮಾಡಿದ ಮದುವೆಯಲ್ಲಿ ಆ ಹುಡುಗಿ ಗುಳಿಗೆಯನ್ನು ಎಲ್ಲಿಡಬೇಕು? ಗರ್ಭಿಣಿಯಾಗುವ ಮುನ್ನವೇ ಔಷಧಿಯ ಬಗ್ಗೆ ವೈದ್ಯರೊಡನೆ ಮಾತಾಡಬೇಕಾದವಳು, ವಾಲ್ಪ್ರೋಯೇಟ್‌ನಂಥದು ಹೊಟ್ಟೆಯ ಕೂಸಿಗೆ ಕೇಡೆಂದು ತಿಳಿದಿರಬೇಕಾದವಳು, ಗಂಡನಿಗೂ ತಿಳಿಯದಂತೆ ಯಾರನ್ನು ಕೇಳಬೇಕು? ತವರು ಕಟ್ಟಿಕೊಟ್ಟ ಈ ಬುತ್ತಿ ಅವಳ ಜೀವಕ್ಕೇ ಎರವಾಗಬಹುದು.

ಊರಿಗೆಲ್ಲ ಡಂಗುರ ಹೊಡೆಯಿರೆಂದು ನಾನು ಹೇಳುತ್ತಿಲ್ಲ. ಅದು ಮಗುವಿನ ವಿಷಯ, ಮಗುವಿಗೂ ಮಾನವಿದೆ. ಈ ಲೇಖನವನ್ನು ಈಗ ಹದಿನಾಲ್ಕು ತುಂಬಿದ ಮಗನಿಗೆ ಓದಲು ಕೊಟ್ಟೆ. ಹೆಸರು ಬೇಡವೆಂದ, ಒಂದು ವಾಕ್ಯವನ್ನು ತೆಗೆಯಲು ಹೇಳಿದ, ತೆಗೆದಿದ್ದೇನೆ. ಆದರೆ ಶಿಕ್ಷಕರು, ಶಾಲೆಯ ವ್ಯಾನಿನ ಚಾಲಕ, ಈಜು ಕಲಿಸುವವರು, ಪಕ್ಕದ ಮನೆಯವರು, ಜೊತೆಯಲ್ಲಿ ಆಡುವ ಇಬ್ಬರು ಗೆಳೆಯರು, ಇವರಿಗೆ ತಿಳಿದಿರಲೇಬೇಕು. ಮಗುವನ್ನು ಒಂಟಿಯಾಗಿ ನೀರಿಗಿಳಿಸದಿರಲು, ಬಿದ್ದಾಗ ಎತ್ತಲು ಬೇಕಾದವರು ಇವರೇ. ನಾವು ಹೇಳಿದ ದಿನದಿಂದ ಮಗನನ್ನು ಯಾರೂ ಆಟಕ್ಕೆ ಸೇರಿಸದೆ ಬಿಡಲಿಲ್ಲ. ಟ್ರಾಫಿಕ್ ಪಾರ್ಕಿನಲ್ಲಿ ಅವನ ಗೆಳೆಯನೊಬ್ಬ ಗಡಿಯಾರ ನೋಡಿ “ಒಂದು ನಿಮಿಷ ನಲವತ್ತು ಸೆಕೆಂಡು, ಕಾಕಾ” ಎಂದು ನನಗೆ ಫೋನಿನಲ್ಲಿ ವರದಿ ಒಪ್ಪಿಸಿದ.

ಇದು ಹಳ್ಳಿಗರ ಅಜ್ಞಾನದ ಸಮಸ್ಯೆಯೆಂದು ನಗರದ ನಾವು ಅಂದುಕೊಂಡಿದ್ದೇವೆ. ಡಾ. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದರು. ಜನ ಹೇಳಿದರು. ಅಗ್ಗದ ಹಳೆಯ ಗುಳಿಗೆಗಳಾದ ಫಿನೋಬಾರ್ಬಿಟಾಲ್, ಫಿನಿಟಾಯಿನ್‌ಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಆ ಕೆಲಸ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಳಂದೂರಿನ ರೈತ ಅಪರಿಚಿತನೊಬ್ಬನಿಗೆ ಹೊಸ್ತಿಲಲ್ಲಿ ಹೇಳಬಲ್ಲದ್ದನ್ನು ಧರಮಪೇಠದ ಅಧಿಕಾರಿ ಶಾಲೆಯ ಅರ್ಜಿಯಲ್ಲಿ ಬರೆಯಲಾರದೆ ಹೋದ. ನಟರಾಜನ ಕಾಲಡಿಯಲ್ಲಿ ಬಿದ್ದಿರುವ ಕುಳ್ಳನ ಹೆಸರು ಅಪಸ್ಮಾರ. ಶಿವ ತುಳಿದದ್ದು ರೋಗವನ್ನು. ನಾವು ತುಳಿಯುತ್ತಿರುವುದು ರೋಗ ಬಂದ ಮಗುವನ್ನು.

ಕೊನೆಗೆ ಒಂದು ಬೇಡಿಕೆ. ನವೆಂಬರ್ 17 ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪಸ್ಮಾರ ದಿನ. ಹೊರನಾಡಿನ ಕನ್ನಡ ಸಂಘಗಳೆಲ್ಲ ರಾಜ್ಯೋತ್ಸವ ಮಾಡುವುದೂ ಅದೇ ತಿಂಗಳಲ್ಲಿ. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷಿಸಿದಾಗ, ನಗರದಲ್ಲೇ ಸಾವಿರಕ್ಕೆ ಐದಾರು ಮಂದಿಗೆ ಅಪಸ್ಮಾರವಿತ್ತು. ಹಳ್ಳಿಗಳಲ್ಲಿ ಅದರ ಎರಡರಷ್ಟು. ಅಂದರೆ ತುಂಬಿದ ನಮ್ಮ ಸಭಾಂಗಣದಲ್ಲಿ ಯಾರೋ ಒಬ್ಬರು ತಾಯಿ ಕೈಚೀಲದಲ್ಲಿ ಗುಳಿಗೆ ಬಚ್ಚಿಟ್ಟುಕೊಂಡು ಕೂತಿರುತ್ತಾರೆ. ಸನ್ಮಾನಗಳ ನಡುವೆ ಅರ್ಧ ಗಂಟೆ ಬಿಡುವು ಮಾಡಿ, ಊರಿನ ಒಬ್ಬ ವೈದ್ಯರನ್ನು ವೇದಿಕೆಗೆ ಕರೆದು, ಮಗುವನ್ನು ಮಗ್ಗುಲಾಗಿಸುವುದು ಹೇಗೆಂದು ಎಲ್ಲರಿಗೂ ತೋರಿಸಿ. ಈ ವರ್ಷ ನಾಗಪುರದಲ್ಲಿ ಯಾರೂ ಮುಂದೆ ಬರದಿದ್ದರೆ ನನ್ನನ್ನು ಕರೆಯಿರಿ. ಆ ಶಿಕ್ಷಕಿಗೆ ಹೇಳದೆ ಉಳಿಸಿಕೊಂಡದ್ದನ್ನು ಅಲ್ಲಿ ನಿಂತು ಹೇಳುತ್ತೇನೆ.