ಮಗ್ಗುಲು ಬದಲಿಸುವ ವಿದ್ಯೆ

ಪಿಯುಸಿ ಫಲಿತಾಂಶ ಬಂದ ಮೇಲೆ ನರ್ಸಿಂಗ್ ಸೇರಬೇಕೆನ್ನುವ ಮಕ್ಕಳಲ್ಲಿ ಬಹುಪಾಲಿಗೆ ಆ ವಿದ್ಯೆ ಎಂದರೆ ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು. ಆದರೆ ನರ್ಸಿಂಗ್ ಶಾಲೆಯಲ್ಲಿ ಸೂಜಿ ಕೈಗೆ ಬರುವ ಮೊದಲೇ ಕಲಿಸುವುದು ಹಾಸಿಗೆ ಹಾಸುವುದನ್ನು, ರೋಗಿಯನ್ನು ಮಗ್ಗುಲಿಗೆ ತಿರುಗಿಸುವುದನ್ನು, ನಾಡಿ ಎಣಿಸುವುದನ್ನು. 'ಇಷ್ಟೇನಾ?' ಎಂದು ಮೂಗು ಮುರಿಯುವವರಿದ್ದಾರೆ. ಪಾರ್ಶ್ವವಾಯು ಹೊಡೆದ ತಾತನನ್ನೋ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯನ್ನೋ ಮನೆಯಲ್ಲಿ ಇಟ್ಟುಕೊಂಡು ನೋಡಿದವರು ಮಾತ್ರ ಹಾಗೆನ್ನಲಾರರು.

ಸುಗಟೂರಿನ ಮನೆಗಳನ್ನೇ ತೆಗೆದುಕೊಳ್ಳಿ. (ಒಂದು ಕಾಲಕ್ಕೆ ಪಾಳೇಗಾರ ಮನೆತನಕ್ಕೆ ಹೆಸರು ಕೊಟ್ಟ ಊರು ಇದು.) ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಿಂದಲೋ ಟಮಕದ ಜಾಲಪ್ಪ ಆಸ್ಪತ್ರೆಯಿಂದಲೋ ರೋಗಿಯನ್ನು ಮನೆಗೆ ಕರೆತಂದರೆ, ಅಂದಿನಿಂದ ನರ್ಸ್ ಎಂದರೆ ಮನೆಯವರೇ. ಹಿರಿಯರು ತೋಟಕ್ಕೋ ಹಾಲಿನ ಡೇರಿಗೋ ಹೋದಾಗ ಮಂಚದ ಪಕ್ಕ ಉಳಿಯುವವರು ಕಾಲೇಜಿಗೆ ಹೋಗುವ ಮಗನೋ ಮಗಳೋ. ಆದ್ದರಿಂದ ಈ ವಾರದ ಮಾತು ನರ್ಸಿಂಗ್ ಸೇರುವವರಿಗೆ ಮಾತ್ರವಲ್ಲ.

ಒಂದೇ ಭಂಗಿಯಲ್ಲಿ ಅಲುಗಾಡದೆ ಮಲಗಿದರೆ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ನಮಗಾದರೆ ನಿದ್ದೆಯಲ್ಲೂ ಜೋಮು ಹಿಡಿದು ಮೈ ತಾನಾಗಿ ಹೊರಳುತ್ತದೆ. ಸ್ವಾಧೀನ ತಪ್ಪಿದ ಮೈಗೆ ಆ ಭಾಗ್ಯವಿಲ್ಲ. ಕೆಲವೇ ಗಂಟೆಗಳಲ್ಲಿ ಹಾನಿ ಶುರುವಾಗಿ ಹಾಸಿಗೆ ಹುಣ್ಣಾಗುತ್ತದೆ. ಹುಣ್ಣು ಮೂಳೆಯವರೆಗೂ ಇಳಿಯಬಹುದು, ನಂಜೇರಿ ಪ್ರಾಣವನ್ನೂ ತೆಗೆಯಬಹುದು. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ, ಕಾಲಿನ ಗಿಣ್ಣು, ಮೊಣಕೈ, ತಲೆಯ ಹಿಂಭಾಗಗಳನ್ನು ದಿನವೂ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಇದ್ದರೆ ಅದು ಎಚ್ಚರಿಕೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಅಲ್ಲಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಆ ಜಾಗವನ್ನು ತಿಕ್ಕಬಾರದು. ಎಣ್ಣೆ ಹಚ್ಚಿ ಉಜ್ಜುವ ನಮ್ಮ ಅಭ್ಯಾಸ ಇಲ್ಲಿ ಕೇಡು. ನಡುವೆ ತೂತಿರುವ ಉಂಗುರದಂಥ ದಿಂಬೂ ಬೇಡ, ಅದು ಸುತ್ತಲಿನ ರಕ್ತವನ್ನೇ ತಡೆಯುತ್ತದೆ.

ಪರಿಹಾರ ಸರಳ: ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಬೆನ್ನ ಮೇಲೆ, ಎಡಕ್ಕೆ, ಬಲಕ್ಕೆ. ಹೊತ್ತು ಹೊತ್ತಿಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಮನೆಗಳಿಗೆ ಗಡಿಯಾರ ನೋಡಿ ಕೆಲಸ ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಓರೆಯಾಗಿಸಿದರೆ ಸಾಕು. ಮಂಡಿಗಳ ನಡುವೆ ಒಂದು ದಿಂಬು, ಅಂಗಾತ ಮಲಗಿದಾಗ ಮೀನಖಂಡದ ಕೆಳಗೊಂದು, ಹಿಮ್ಮಡಿ ಗಾಳಿಯಲ್ಲಿ ನಿಲ್ಲುವಂತೆ. ಜೋತುಬಿದ್ದ ನುಲಿ ಮಂಚದಲ್ಲಿ ಇದಾವುದೂ ಸಾಧ್ಯವಿಲ್ಲ. ಸಮತಟ್ಟಾದ ಮಂಚವೇ ಬೇಕು.

ರೋಗಿಯನ್ನು ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ದರದರ ಎಳೆಯುವುದನ್ನು ನೋಡುತ್ತೇವೆ. ಚರ್ಮ ತರಚುತ್ತದೆ, ಪಾರ್ಶ್ವವಾಯು ಆದ ಕೈಯಾದರಂತೂ ಭುಜದ ಕೀಲೇ ಜಾರಬಹುದು. ಮಡಿಸಿದ ಹಳೆಯ ಹತ್ತಿ ಸೀರೆಯನ್ನು ಭುಜದಿಂದ ತೊಡೆಯವರೆಗೆ ಮೈ ಕೆಳಗೆ ಹಾಸಿಡಿ. ಇಬ್ಬರು ಎರಡೂ ಬದಿಯಲ್ಲಿ ನಿಂತು, ಮಂಡಿ ಬಗ್ಗಿಸಿ, 'ಒಂದು, ಎರಡು, ಮೂರು' ಎಂದು ಒಟ್ಟಿಗೆ ಎತ್ತಿ ಸರಿಸಿ. ಅದಕ್ಕೆ ಮೊದಲು 'ತಾತ, ಈಗ ಈ ಕಡೆ ತಿರುಗಿಸ್ತೀವಿ' ಎಂದು ಹೇಳಿ. ಮಾತಾಡಲಾಗದವರಿಗೂ ಕೇಳಿಸುತ್ತಿರಬಹುದು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಬೆನ್ನು, ಕೀಲು ಸೆಟೆದ ಹಿರಿಯರಿದ್ದಾರೆ. ಅವರ ಕುತ್ತಿಗೆ, ಕಾಲುಗಳನ್ನು ಒತ್ತಾಯದಿಂದ ಬಗ್ಗಿಸಬಾರದು.

ಮಲಗಿಸಿಕೊಂಡೇ ರಾಗಿ ಗಂಜಿ ಕುಡಿಸುವುದು ಅಪಾಯ. ಗಂಜಿ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಒರಗಿಸಿ ಕೂರಿಸಿ ಕುಡಿಸಿ, ಆಮೇಲೂ ಅರ್ಧ ಗಂಟೆ ಹಾಗೇ ಇರಲಿ. ಉಬ್ಬಸದವರಿಗೂ ಇದೇ ಭಂಗಿ ಹಿತ. 2001ರಲ್ಲಿ ಮುಚ್ಚಿದ ಕೆ.ಜಿ.ಎಫ್. ಗಣಿಗಳಲ್ಲಿ ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಆದಂಥವರಿಗೆ ಚಪ್ಪಟೆ ಮಲಗುವುದೆಂದರೆ ಮುಳುಗಿದಂತೆ. ಪ್ರಜ್ಞೆ ತಪ್ಪಿ ಉಸಿರಾಡುತ್ತಿರುವವರನ್ನು ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಿ. ಬಾಯಿಗೆ ಹನಿ ನೀರೂ ಬೇಡ. ಬಿದ್ದು ಕುತ್ತಿಗೆಗೋ ಬೆನ್ನಿಗೋ ಪೆಟ್ಟಾಗಿರುವ ಅನುಮಾನವಿದ್ದರೆ ಅವರಾಗಿ ಬರುವವರೆಗೆ ಅಲುಗಾಡಿಸದಿರುವುದೇ ಲೇಸು.

ಇನ್ನು ಅಳತೆಗಳು. ನಾಡಿಯನ್ನು ಹೆಬ್ಬೆರಳಿನಿಂದ ನೋಡಬೇಡಿ, ನಿಮ್ಮ ನಾಡಿಯೇ ಸಿಕ್ಕೀತು. ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ; ವಯಸ್ಕರಲ್ಲಿ 60ರಿಂದ 100. ಉಸಿರು 12ರಿಂದ 20. ಉಸಿರು ಎಣಿಸುತ್ತೇನೆಂದು ಹೇಳಿದರೆ ಲಯ ಬದಲಾಗುತ್ತದೆ. ನಾಡಿ ಹಿಡಿದಂತೆಯೇ ಕೈ ಬಿಡದೆ ಎದೆಯ ಏರಿಳಿತ ನೋಡುವುದು ನರ್ಸ್‌ಗಳ ಹಳೆಯ ಉಪಾಯ. ಬಾಯಲ್ಲಿ ಜ್ವರ ನೋಡುವ ಮೊದಲು ಕಾಫಿ ಕುಡಿದಿದ್ದರೆ ಸ್ವಲ್ಪ ತಾಳಿ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರ. ಕಂಕುಳಲ್ಲಿ ಅಳತೆ ತುಸು ಕಡಿಮೆ ಬರುತ್ತದೆ. ರಕ್ತದೊತ್ತಡಕ್ಕೆ ಮೊದಲು ಐದು ನಿಮಿಷ ವಿಶ್ರಾಂತಿ, ತೋಳು ಎದೆಯ ಮಟ್ಟದಲ್ಲಿ, ಪಟ್ಟಿ ಬಟ್ಟೆಯ ಮೇಲಲ್ಲ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇದ್ದರೆ, ತಣ್ಣಗಾದ ಬೆರಳು ಮತ್ತು ಬಣ್ಣ ಬಳಿದ ಉಗುರು ಅದನ್ನು ದಾರಿ ತಪ್ಪಿಸುತ್ತವೆಂದು ತಿಳಿದಿರಲಿ. ಒಂದು ಅಂಕಿಗಿಂತ ಅಂಕಿಗಳ ಸಾಲು ಹೆಚ್ಚು ಹೇಳುತ್ತದೆ. ಬೆಳಿಗ್ಗೆ 80 ಇದ್ದ ನಾಡಿ ಸಂಜೆ 98 ಆದರೆ ಎರಡೂ 'ಸರಿ'ಯೇ, ಆದರೆ ಏನೋ ನಡೆಯುತ್ತಿದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಹೊತ್ತು, ಅಳತೆ, ಯಾವ ಮಗ್ಗುಲು ಎಂದು ಬರೆದಿಡಿ. ವೈದ್ಯರಿಗೆ ಅದು ಬೇಕೇ ಬೇಕು.

ಈ ಕೆಲಸ ಮನಸ್ಸಿಗೆ ಹಿಡಿಸಿದ ಮಕ್ಕಳಿಗೆ, ಗಂಡುಮಕ್ಕಳಿಗೂ, ದಾರಿಯಿದೆ: ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ತಂದೆ ತಾಯಂದಿರು ಶುಲ್ಕ ಕಟ್ಟುವ ಮೊದಲು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಲಿ. ಕಟ್ಟಡ ನೋಡಿ ಮರುಳಾಗದೆ, ಆ ಶಾಲೆಯ ಮಕ್ಕಳು ಕಲಿಯುವ ಆಸ್ಪತ್ರೆಯ ವಾರ್ಡಿಗೆ ಒಂದು ಮಧ್ಯಾಹ್ನ ಹೋಗಿ ಬರಲಿ. ಮಂಚಗಳಲ್ಲಿ ರೋಗಿಗಳಿದ್ದಾರೆಯೇ, ಅವರನ್ನು ಯಾರಾದರೂ ಮಗ್ಗುಲು ಬದಲಿಸುತ್ತಿದ್ದಾರೆಯೇ ಎಂದು ನೋಡಲಿ.