ಅಂಗಸಾಧನೆಗೆ ಮೊದಲು ಅಂಗಜ್ಞಾನ

ನಮ್ಮ ನಾಡಿನಲ್ಲಿ ಗರಡಿಯ ಸಂಪ್ರದಾಯ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವರ್ಗಗಳನ್ನೂ ಅವರ ಆಹಾರ, ವ್ಯಾಯಾಮಗಳನ್ನೂ ವಿವರಿಸಿದ್ದಾನೆ. ಇಂದು ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ತರುಣರು ಗರಡಿಯೊಡನೆ ಜಿಮ್ಮಿನತ್ತಲೂ ಮುಖಮಾಡಿದ್ದಾರೆ; ಕೆಲವರು ತಾವೇ ತರಬೇತುದಾರರಾಗಲು ಹಂಬಲಿಸುತ್ತಾರೆ. ಸಂತೋಷದ ಸಂಗತಿಯೇ. ಆದರೆ ತನ್ನ ಮೈಯನ್ನು ಬೆಳೆಸಿಕೊಂಡವನೆಲ್ಲ ಪರರ ಮೈಯನ್ನು ಪಳಗಿಸಲು ಅರ್ಹನಾಗುವನೇ? ಆಗಲಾರನೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಭಾಷಾಪಂಡಿತನಿಗೆ ಈ ವಿಚಾರವೇಕೆಂದು ಯಾರಾದರೂ ಕೇಳಬಹುದು. ತೊಡಕು ಶಬ್ದದಿಂದಲೇ ಆರಂಭವಾಗುತ್ತದೆಯೆಂಬುದೇ ಅದಕ್ಕೆ ಉತ್ತರ. ಆಡುಮಾತಿನಲ್ಲಿ ಸಂವೇದನೆಯನ್ನೊಯ್ಯುವ ತಂತುವೂ 'ನರ', ಕೈಮೇಲೆ ಉಬ್ಬಿ ಕಾಣುವ ರಕ್ತನಾಳವೂ 'ನರ', ಎಲುಬಿಗೆ ಎಲುಬನ್ನು ಬಿಗಿದ ಕಟ್ಟೂ 'ನರ'. ಸುಶ್ರುತ ಸಂಹಿತೆಯಾದರೋ ಮಾಂಸಖಂಡವನ್ನು 'ಪೇಶಿ'ಯೆಂದೂ ಬಂಧಕವನ್ನು 'ಸ್ನಾಯು'ವೆಂದೂ ಬೇರ್ಪಡಿಸಿ, ಪೇಶಿಗಳು 500, ಸ್ನಾಯುಗಳು 900 ಎಂದು ಎಣಿಸಿತು. ಇಂದಿನ ಪಠ್ಯಗಳಲ್ಲಿ 'ಸ್ನಾಯು' ಎಂದರೆ ಮಾಂಸಖಂಡವೇ ಆಗಿದೆ. ಶಬ್ದ ಕಲಸಿದರೆ ಉಪಚಾರವೂ ಕಲಸುತ್ತದೆ. ಕಾಲು ಉಳುಕಿದೊಡನೆ 'ನರ ಹೊರಳಿದೆ'ಯೆಂದು ಬಲವಾಗಿ ತಿಕ್ಕುವವರುಂಟು. ಹರಿದದ್ದು ಅಸ್ಥಿಬಂಧವಾದರೆ ಆ ತಿಕ್ಕಾಟದಿಂದ ಬಾವು ಹೆಚ್ಚೀತು. ಆಗ ಬೇಕಾದದ್ದು ವಿಶ್ರಾಂತಿ, ತಂಪು, ಹದವಾದ ಪಟ್ಟಿ. ಕಾಲೂರಲು ಬಾರದಿದ್ದರೆ ವೈದ್ಯರ ದರ್ಶನ.

ತರಬೇತುದಾರನು ಅರಿಯಬೇಕಾದ ಮೂಲತತ್ತ್ವಗಳು ಹಲವಿಲ್ಲ. ಪ್ರೌಢ ದೇಹದಲ್ಲಿ 206 ಎಲುಬುಗಳಿವೆ. ಬೆಳೆಯುವ ಮಕ್ಕಳಲ್ಲಿ ಉದ್ದೆಲುಬಿನ ತುದಿಗಳಲ್ಲಿ ಮೃದ್ವಸ್ಥಿಯ ಪದರವಿದ್ದು, ಎಲುಬು ಉದ್ದವಾಗುವುದು ಅಲ್ಲಿಯೇ. ಆದುದರಿಂದ ಹದಿಮೂರರ ಹುಡುಗನಿಂದ ಪಂತ ಕಟ್ಟಿ ಸಂಗ್ರಾಣಿ ಕಲ್ಲು ಎತ್ತಿಸುವುದು ಶೌರ್ಯವಲ್ಲ, ಅವಿವೇಕ. ಮಾಂಸಖಂಡವು ಎಳೆಯಬಲ್ಲುದೇ ಹೊರತು ತಳ್ಳಲಾರದು. ಅದಕ್ಕೆಂದೇ ತೋಳಿನ ಮುಂದೊಂದು, ಹಿಂದೊಂದು ಜೋಡಿಯಾಗಿವೆ. ಒಂದನ್ನೇ ದುಡಿಸಿ ಇನ್ನೊಂದನ್ನು ಮರೆತರೆ ಕೀಲಿನ ಸಮತೋಲ ಕೆಡುತ್ತದೆ. ಮಾಂಸಖಂಡ ಬಲಗೊಳ್ಳುವುದು ದುಡಿಮೆಯ ಹೊತ್ತಿನಲ್ಲಲ್ಲ, ಅನಂತರದ ಅನ್ನ, ನಿದ್ರೆ, ವಿಶ್ರಾಂತಿಗಳಲ್ಲಿ. ಅರ್ಧಬಲದವರೆಗೆ ಮಾತ್ರ ವ್ಯಾಯಾಮ ಮಾಡಬೇಕೆಂದು ಸುಶ್ರುತನು ವಿಧಿಸಿದ್ದು ನಿತ್ಯ ವ್ಯಾಯಾಮಕ್ಕೆ ಇಂದಿಗೂ ಒಳ್ಳೆಯ ಎಚ್ಚರಿಕೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅಗಲಿದಾಗ, ವ್ಯಾಯಾಮವೇ ಮಾರಕವೆಂಬ ಭೀತಿ ನಾಡಿನಲ್ಲೆಲ್ಲ ಹಬ್ಬಿತು. ಭೀತಿಗೆ ಮದ್ದು ವ್ಯಾಯಾಮದ ತ್ಯಾಗವಲ್ಲ, ತಿಳಿವು. ಎದೆ ಬಿಗಿದು, ತಣ್ಣನೆಯ ಬೆವರೊಡೆದು, ನೋವು ತೋಳಿಗೋ ದವಡೆಗೋ ಹರಿದರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಒಯ್ಯಬೇಕೆಂಬ ಅರಿವು ಗುರುವಿನಲ್ಲಿರಬೇಕು. 'ಇನ್ನೊಂದು ಸಲ' ಎಂದು ಹುರಿದುಂಬಿಸುವವನ ಕೈಯಲ್ಲಿ ಒಂದು ಜೀವವಿರುತ್ತದೆ.

ಆದಕಾರಣ ನನ್ನ ವಿಜ್ಞಾಪನೆಯಿಷ್ಟು. ವ್ಯಾಯಾಮ ಶಿಕ್ಷಕರೂ ವಿಜ್ಞಾನ ಶಿಕ್ಷಕರೂ ಕೂಡಿ ಮೇಲ್ತರಗತಿಗಳಿಗೆ ಶರೀರಪಾಠ ಹೇಳಲಿ. ವೈದ್ಯವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಬಂದು ತಿಳಿಸಿಕೊಡಲಿ. ದಾನಿಗಳು ಕಬ್ಬಿಣದ ಸಾಮಗ್ರಿಗಿಂತ ಮೊದಲು ಒಂದು ಅಸ್ಥಿಪಂಜರದ ಮಾದರಿಯನ್ನು ಕೊಡಿಸಲಿ. ಕಬ್ಬಿಣವನ್ನು ಎತ್ತುವ ಮುನ್ನ, ಎತ್ತುವ ಕೈಯನ್ನು ಹುಡುಗರು ಅರಿಯಲಿ.